ಮನೆಯಲ್ಲಿ ಮಾಡಿದ ಪ್ಯಾನೆಲ್ ಬಾಗಿಲಿನ ತೊಂದರೆಗಳು: ಲಕ್ಷಣ ನೋಡಿ ಕಾರಣ ಹಿಡಿಯುವ ಬಗೆ

ಕೈಯಾರೆ ಮಾಡಿ ಕಪಾಟಿಗೆ ಕೂರಿಸಿದ ಪ್ಯಾನೆಲ್ ಬಾಗಿಲು ಕೆಲವು ವಾರ ಸರಿಯಾಗಿದ್ದು, ಆಮೇಲೆ ಉಜ್ಜಲು, ಅಲುಗಲು ಅಥವಾ ಬಿರುಕು ಬಿಡಲು ತೊಡಗುವುದು ಅಪರೂಪವಲ್ಲ. ಹಾಗಾದಾಗ ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ಕೀಸುಳಿಯನ್ನು. ಕೀಸಿ ತೆಗೆದ ಮರ ಮತ್ತೆ ಬರುವುದಿಲ್ಲ. ತೊಂದರೆ ಹಿಂಜ್‌ನಲ್ಲೋ ಕಪಾಟಿನಲ್ಲೋ ಇದ್ದರೆ, ಕೀಸಿದ ಬಾಗಿಲು ಮುಂದೆ ಎಂದೂ ಸರಿಯಾಗಿ ಕೂರದು. ಆದ್ದರಿಂದ ಇಲ್ಲಿ ಪ್ರತಿಯೊಂದು ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಕೊಟ್ಟಿದೆ; ಮರಕ್ಕೆ ಉಳಿ ತಾಗಿಸುವ ಕೆಲಸ ಕೊನೆಯಲ್ಲಿ ಬರುತ್ತದೆ.

ಪರೀಕ್ಷೆಗೆ ಬೇಕಾದ ಸಲಕರಣೆ ಕಡಿಮೆ: ಅಳತೆ ಟೇಪು, ಮೂಲೆಮಟ್ಟ, ನೇರವಾದ ಎರಡು ಪಟ್ಟಿಗಳು, ರಸಮಟ್ಟ, ತೆಳುವಾದ ಉಕ್ಕಿನ ಅಳತೆಪಟ್ಟಿ, ಟಾರ್ಚು, ಸೀಮೆಸುಣ್ಣ, ಪೆನ್ಸಿಲ್, ದಪ್ಪ ಕಾಗದದ ಒಂದು ತುಂಡು ಮತ್ತು ದಾರ.

ಮೊದಲು ತಿಳಿದಿರಬೇಕಾದ ಒಂದು ವಿಷಯ

ಪ್ಯಾನೆಲ್ ಬಾಗಿಲಿನಲ್ಲಿ ಐದು ಭಾಗಗಳಿವೆ. ಎರಡು ನಿಲುವುಪಟ್ಟಿಗಳು ಮತ್ತು ಎರಡು ಅಡ್ಡಪಟ್ಟಿಗಳು ಸೇರಿ ಚೌಕಟ್ಟಾಗುತ್ತದೆ. ಚೌಕಟ್ಟಿನ ಒಳ ಅಂಚಿನ ಉದ್ದಕ್ಕೂ ಕೊರೆದ ಗ್ರೂವ್‌ನೊಳಗೆ ಪ್ಯಾನೆಲ್ ಕೂರುತ್ತದೆ. ಅಡ್ಡಪಟ್ಟಿಯ ತುದಿಯಲ್ಲಿ ತೆಳುವಾಗಿ ಕಡೆದ ನಾಲಿಗೆ ನಿಲುವುಪಟ್ಟಿಯೊಳಗೆ ಹೋಗಿ ಅಂಟಿನಿಂದ ಹಿಡಿದುಕೊಳ್ಳುತ್ತದೆ. ಮರದ ಹಲಗೆಯ ಪ್ಯಾನೆಲ್‌ಗೆ ಮಾತ್ರ ಅಂಟು ಹಾಕುವುದಿಲ್ಲ, ಏಕೆಂದರೆ ಅದಕ್ಕೆ ಹಿಗ್ಗಲು ಮತ್ತು ಕುಗ್ಗಲು ಜಾಗ ಬೇಕು.

ಮರವು ಎಳೆಯ, ಅಂದರೆ ನಾರು ಓಡುವ ದಿಕ್ಕಿನ, ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಎಳೆಗೆ ಅಡ್ಡವಾಗಿ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30ರಷ್ಟಿದ್ದಲ್ಲಿ ಬಹಳ ಕಾಲ ಇದ್ದ ಮರದ ತೇವಾಂಶ ಶೇ. 6ರ ಆಸುಪಾಸಿಗೆ ಇಳಿಯುತ್ತದೆ, ಆರ್ದ್ರತೆ ಶೇ. 50ರಲ್ಲಿ ಅದು ಸುಮಾರು ಶೇ. 9, ಶೇ. 80ರಲ್ಲಿ ಸುಮಾರು ಶೇ. 16. ಸಾಮಾನ್ಯವಾಗಿ ಸಿಗುವ ಅನೇಕ ಮರಗಳ ಅಗಲ ಸೀಳಿನ ಹಲಗೆ (ಬೆಳವಣಿಗೆಯ ಉಂಗುರಗಳು ಮುಖಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುವಂತೆ ಸೀಳಿದ್ದು), ತೇವಾಂಶ ಶೇ. 1ರಷ್ಟು ಬದಲಾದಾಗ ತನ್ನ ಅಗಲದ ಶೇ. 0.25ರ ಸುಮಾರು ಬದಲಾಗುತ್ತದೆ. ಎಂದರೆ 300 ಮಿಲಿಮೀಟರ್ ಅಗಲದ ಪ್ಯಾನೆಲ್, ತೇವಾಂಶ ಶೇ. 4ರಷ್ಟು ಏರಿದಾಗ, 3 ಮಿಲಿಮೀಟರ್‌ನಷ್ಟು ಹಿಗ್ಗುತ್ತದೆ. ತೇಗದಂಥ ಸ್ಥಿರವಾದ ಮರದಲ್ಲಿ ಇದು ಕಡಿಮೆ. ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿರುವಂತೆ ಸೀಳಿದ ಹಲಗೆಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟೇ. ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಗಲದಲ್ಲಿ ಬಹಳ ಕಡಿಮೆ ಬದಲಾಗುತ್ತವೆ. ಕೆಳಗಿನ ಲಕ್ಷಣಗಳಲ್ಲಿ ಬಹುಪಾಲು ಈ ಒಂದೇ ಲೆಕ್ಕದಿಂದ ಹುಟ್ಟುವುದರಿಂದ, ಯಾವ ದೂರಿಗೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ತೊಂದರೆ ಕಾಣಿಸಿಕೊಂಡದ್ದು ಒಣ ಹವೆಯಲ್ಲೋ, ತೇವದ ಹವೆಯಲ್ಲೋ?

ಲಕ್ಷಣ: ಬಾಗಿಲು ಉಜ್ಜುತ್ತದೆ, ಅಥವಾ ಸುತ್ತಲಿನ ಸಂದು ಸಮನಾಗಿಲ್ಲ

ಮೊದಲು ಬಾಗಿಲು ಎಲ್ಲಿ ತಾಗುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕಪಾಟಿನ ಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲನ್ನು ಹತ್ತಾರು ಬಾರಿ ಮುಚ್ಚಿ ತೆರೆದರೆ, ಬಾಗಿಲಿನ ಮೇಲೆ ಸುಣ್ಣ ಅಂಟಿದ ಜಾಗವೇ ತಾಗುವ ಜಾಗ. ಆಮೇಲೆ ದಪ್ಪ ಕಾಗದವನ್ನು ಸಂದಿನಲ್ಲಿ ತೂರಿಸಿ ಸುತ್ತ ಎಳೆಯುತ್ತ ಬನ್ನಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ.

ಹಿಡಿಯಿರುವ ಬದಿಯ ಮೇಲಿನ ಅಥವಾ ಕೆಳಗಿನ ಒಂದೇ ಮೂಲೆ ತಾಗುತ್ತಿದ್ದರೆ ಅನುಮಾನ ಹಿಂಜ್ ಮೇಲೆ ಹೋಗಬೇಕು. ಬಾಗಿಲನ್ನು ಅರ್ಧ ತೆರೆದು ಹಿಡಿಯನ್ನು ಮೆಲ್ಲಗೆ ಮೇಲೆ ಕೆಳಗೆ ಅಲುಗಿಸಿ. ಹಿಂಜ್‌ನ ಬುಡದಲ್ಲಿ ಅಲುಗಾಟ ಕಂಡರೆ ಸ್ಕ್ರೂ ಸಡಿಲವಾಗಿದೆ; ಬಿಗಿಗೊಳಿಸಿದರೆ ಸಾಕಾಗಬಹುದು. ಬಟ್ಟಲಿನಾಕಾರದ ಕಪ್ ಹಿಂಜ್ ಆಗಿದ್ದರೆ ಅದರಲ್ಲಿ ಬಾಗಿಲನ್ನು ಪಕ್ಕಕ್ಕೆ, ಒಳಕ್ಕೆ-ಹೊರಕ್ಕೆ ಮತ್ತು ಮೇಲೆ-ಕೆಳಗೆ ಸರಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಪ್ರತಿ ದಿಕ್ಕಿನಲ್ಲಿ ಸುಮಾರು 2 ಮಿಲಿಮೀಟರ್ ಸರಿಸಬಹುದು. ಒಮ್ಮೆಗೆ ಒಂದೇ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ ನೋಡಿ, ಮುಂದುವರಿಯಿರಿ. ಎಲ್ಲ ಸ್ಕ್ರೂಗಳನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದು ಏನು ಮಾಡಿತು ಎಂಬುದೇ ತಿಳಿಯದೆ ಹೋಗುತ್ತದೆ.

ಹಿಂಜ್ ಸರಿಯಿದ್ದರೂ ಸಂದು ಒಂದು ತುದಿಯಿಂದ ಇನ್ನೊಂದಕ್ಕೆ ಕಿರಿದಾಗುತ್ತ ಹೋದರೆ, ಬಾಗಿಲು ಅಥವಾ ಕಪಾಟು ಮೂಲೆಮಟ್ಟದಲ್ಲಿಲ್ಲ. ಎರಡರ ಕರ್ಣಗಳನ್ನೂ ಅಳೆಯಿರಿ. ಬಾಗಿಲಿನ ಎರಡು ಕರ್ಣಗಳು ಸಮನಾಗಿದ್ದು ಕಪಾಟಿನ ಬಾಯಿಯ ಕರ್ಣಗಳು ಬೇರೆಯಾದರೆ ತಪ್ಪು ಕಪಾಟಿನದು. 400 ಮಿಲಿಮೀಟರ್ ಅಗಲ, 600 ಮಿಲಿಮೀಟರ್ ಎತ್ತರದ ಬಾಗಿಲಿನಲ್ಲಿ ಕರ್ಣಗಳ ನಡುವೆ 2 ಮಿಲಿಮೀಟರ್ ವ್ಯತ್ಯಾಸವಿದ್ದರೆ, ಮೇಲಂಚು ಕೆಳಂಚಿಗಿಂತ ಹತ್ತಿರಹತ್ತಿರ 2 ಮಿಲಿಮೀಟರ್ ಪಕ್ಕಕ್ಕೆ ವಾಲಿದೆ ಎಂದು ಅರ್ಥ. ಅಷ್ಟನ್ನು ಹಿಂಜ್‌ನಿಂದ ಮರೆಸಬಹುದು. ಅದು 4 ಮಿಲಿಮೀಟರ್ ದಾಟಿದರೆ ಹಿಂಜ್‌ಗೆ ಮೀರಿದ ಮಾತು. ನೆಲದ ಮೇಲೆ ನಿಂತ ಕಪಾಟಾದರೆ ರಸಮಟ್ಟ ಇಟ್ಟು ನೋಡಿ, ತಗ್ಗಿದ ಕಾಲಿನ ಕೆಳಗೆ ತೆಳು ಚಕ್ಕೆ ಕೊಡಿ. ಬಹಳ ಸಲ ಇಷ್ಟರಿಂದಲೇ ಬಾಗಿಲು ತಾನಾಗಿ ಸರಿಹೋಗುತ್ತದೆ. ಭಾರ ತುಂಬಿದ ಕಪಾಟಿನಲ್ಲಿ ಇದನ್ನು ಮಾಡುವ ಮೊದಲು ಒಳಗಿನ ಸಾಮಾನುಗಳನ್ನು ಇಳಿಸಬೇಕು.

ಗೋಡೆಗೆ ತೂಗಿದ ಕಪಾಟು ಗೋಡೆಯಿಂದ ಮುಂದಕ್ಕೆ ಬಂದಿರುವುದು, ಹಿಂಬದಿಯಲ್ಲಿ ಹೊಸ ಸಂದು ಕಾಣುವುದು ಅಥವಾ ಗಾರೆ ಉದುರುವುದು ಕಂಡರೆ ಬಾಗಿಲಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಸಾಮಾನುಗಳನ್ನು ಮೇಲಿನಿಂದ ಒಂದೊಂದಾಗಿ ಇಳಿಸಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು, ಗೋಡೆಯ ಹಿಡಿತವನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು.

ತೇವದ ಹವೆಯಲ್ಲಿ ಮಾತ್ರ, ಹಿಡಿಯ ಬದಿಯ ಇಡೀ ಉದ್ದಕ್ಕೆ ಬಾಗಿಲು ಬಿಗಿಯಾಗುತ್ತಿದ್ದರೆ ಅದು ಮರದ ಹಿಗ್ಗುವಿಕೆ. ಪ್ಯಾನೆಲ್ ಬಾಗಿಲಿನ ಗುಣ ಇಲ್ಲಿ ಸ್ಪಷ್ಟವಾಗುತ್ತದೆ. ಅಡ್ಡಪಟ್ಟಿಗಳ ಎಳೆ ಬಾಗಿಲಿನ ಅಗಲದುದ್ದಕ್ಕೆ ಹರಿದಿರುವುದರಿಂದ ಅವು ಹಿಗ್ಗುವುದಿಲ್ಲ. ಹಿಗ್ಗುವುದು ಎರಡು ನಿಲುವುಪಟ್ಟಿಗಳು ಮಾತ್ರ. ತಲಾ 60 ಮಿಲಿಮೀಟರ್ ಅಗಲದ ಎರಡು ನಿಲುವುಪಟ್ಟಿಗಳು ತೇವಾಂಶ ಶೇ. 4ರಷ್ಟು ಏರಿದಾಗ ಒಟ್ಟು ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು ಹಿಗ್ಗುತ್ತವೆ. ಅದೇ 450 ಮಿಲಿಮೀಟರ್ ಅಗಲದ ಬರಿಯ ಹಲಗೆಯ ಬಾಗಿಲಾದರೆ ನಾಲ್ಕೂವರೆ ಮಿಲಿಮೀಟರ್ ಹಿಗ್ಗುತ್ತಿತ್ತು. ಆದ್ದರಿಂದ ಕಪಾಟಿನ ಬಾಯಿಯ ಒಳಗೆ ಕೂರುವ ಬಾಗಿಲಿಗೆ ಸುತ್ತ 2ರಿಂದ 3 ಮಿಲಿಮೀಟರ್ ಸಂದು ಬಿಟ್ಟಿದ್ದರೆ ಯಾವ ಹವೆಯಲ್ಲೂ ತಾಗಬಾರದು. ಸಂದು ಒಂದೇ ಮಿಲಿಮೀಟರ್ ಇದ್ದಲ್ಲಿ ಮಾತ್ರ ಕೀಸುವ ಕೆಲಸ ನ್ಯಾಯವಾದದ್ದು.

ಕೀಸುವಾಗ ಬಾಗಿಲನ್ನು ಬಿಚ್ಚಿ ಹಿಡಿಯ ಬದಿಯ ಅಂಚನ್ನೇ ಕೀಸಿ. ಹಿಂಜ್ ಬದಿಯನ್ನು ಮುಟ್ಟಿದರೆ ಹಿಂಜ್‌ನ ಗುಳಿ ಅಂಚಿಗೆ ಹತ್ತಿರವಾಗಿ ಅಳತೆಯೆಲ್ಲ ಕೆಡುತ್ತದೆ. ಮೇಲಂಚು, ಕೆಳಂಚುಗಳನ್ನು ಕೀಸಬೇಕಾದರೆ ಎರಡೂ ಮೂಲೆಗಳಿಂದ ನಡುವಿಗೆ ಬನ್ನಿ, ಏಕೆಂದರೆ ಅಂಚಿನ ಎರಡು ತುದಿಗಳಲ್ಲಿ ನಿಲುವುಪಟ್ಟಿಯ ಕೊಯ್ದ ತುದಿ ಹೊರಗೆ ಮುಖ ಮಾಡಿರುತ್ತದೆ. ಹೊರಕ್ಕೆ ಕೀಸಿದರೆ ಅದು ಚಕ್ಕೆಯಾಗಿ ಕಿತ್ತುಬರುತ್ತದೆ. ಕೀಸಿದ ಅಂಚಿಗೆ ಅದೇ ದಿನ ಪಾಲಿಶ್ ಅಥವಾ ಬಣ್ಣ ಹಚ್ಚಬೇಕು.

ಲಕ್ಷಣ: ಮುಚ್ಚಿದಾಗ ಒಂದು ಮೂಲೆ ಹೊರಗೆ ನಿಲ್ಲುತ್ತದೆ

ಮನೆಯಲ್ಲಿ ಮಾಡಿದ ಬಾಗಿಲುಗಳಲ್ಲಿ ತಿರುಚಿಕೊಳ್ಳುವ ದೋಷವೇ ಹೆಚ್ಚು ಬೇಸರ ತರುವಂಥದ್ದು. ಅದರ ತಪ್ಪು ನಿರ್ಣಯವೂ ಅಷ್ಟೇ ಸಾಮಾನ್ಯ, ಏಕೆಂದರೆ ತಿರುಚಿದ ಕಪಾಟಿಗೆ ಹಾಕಿದ ನೇರ ಬಾಗಿಲೂ ತಿರುಚಿದಂತೆಯೇ ಕಾಣುತ್ತದೆ.

ಕಪಾಟನ್ನು ಮೊದಲು ಪರೀಕ್ಷಿಸಿ. ಕಪಾಟಿನ ಮುಂಭಾಗದ ನಾಲ್ಕು ಮೂಲೆಗಳಿಗೆ ಎರಡು ದಾರಗಳನ್ನು ಕರ್ಣವಾಗಿ ಬಿಗಿದು ಕಟ್ಟಿ. ನಡುವೆ ಅವು ಒಂದನ್ನೊಂದು ಸವರಿದಂತೆ ಮಾತ್ರ ತಾಗಿದರೆ ಮುಂಭಾಗ ಸಮತಲದಲ್ಲಿದೆ. ನಡುವೆ ಅಂತರ ಉಳಿದರೆ, ಅಥವಾ ಒಂದು ದಾರ ಇನ್ನೊಂದನ್ನು ಒತ್ತಿ ಬಾಗಿಸಿದರೆ ಕಪಾಟೇ ತಿರುಚಿದೆ. ಮೇಲಿನ ದಾರವನ್ನು ಕೆಳಗೆ ತಂದು ಮತ್ತೊಮ್ಮೆ ನೋಡಿದರೆ ಸಂಶಯ ಉಳಿಯುವುದಿಲ್ಲ.

ಕಪಾಟು ಸರಿಯಿದ್ದರೆ ಬಾಗಿಲನ್ನು ಬಿಚ್ಚಿ, ಸಮತಟ್ಟು ಎಂದು ಖಾತ್ರಿಯಿರುವ ಮೇಜಿನ ಮೇಲೆ ಮಲಗಿಸಿ ಒಂದೊಂದೇ ಮೂಲೆ ಒತ್ತಿ. ಕರ್ಣದ ಎರಡು ಮೂಲೆಗಳ ಮೇಲೆ ಬಾಗಿಲು ಓಲಾಡಿದರೆ, ಎದ್ದ ಮೂಲೆಯ ಕೆಳಗಿನ ಸಂದನ್ನು ಅಳೆದುಕೊಳ್ಳಿ. ಮೇಜಿನ ಮೇಲೆ ನಂಬಿಕೆಯಿಲ್ಲದಿದ್ದರೆ ಎರಡು ನೇರ ಪಟ್ಟಿಗಳನ್ನು ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳ ಮೇಲೆ ನಿಲ್ಲಿಸಿ, ಒಂದರ ಅಂಚಿನ ಮೇಲಿಂದ ಇನ್ನೊಂದನ್ನು ಒಂದು ಕಣ್ಣು ಮುಚ್ಚಿ ನೋಡಿ; ಎರಡೂ ಅಂಚುಗಳು ಸಮಾನಾಂತರವಾಗಿ ಕಾಣದಿದ್ದರೆ ಬಾಗಿಲು ತಿರುಚಿದೆ.

ತಿರುಚು 3 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಹಿಂಜ್‌ಗಳಲ್ಲಿ ಹಂಚಿಬಿಡುವುದೇ ಜಾಣತನ. ಹೊರಗೆ ನಿಂತ ಮೂಲೆಗೆ ಕರ್ಣವಾಗಿ ಎದುರಿರುವ ಹಿಂಜ್ ಅನ್ನು ಹೊರಕ್ಕೆ ತನ್ನಿ. ಹಿಡಿಯ ಬದಿಯ ಮೇಲಿನ ಮೂಲೆ ಹೊರಗಿದ್ದರೆ ಕೆಳಗಿನ ಹಿಂಜ್ ಅನ್ನು ಒಂದೂವರೆ ಮಿಲಿಮೀಟರ್ ಹೊರತಂದು, ಸಾಧ್ಯವಿದ್ದಲ್ಲಿ ಮೇಲಿನದನ್ನು ಅಷ್ಟೇ ಒಳಕ್ಕೆ ತಳ್ಳಿದಾಗ, ಹಿಡಿಯ ಬದಿಯ ಎರಡೂ ಮೂಲೆಗಳು ಕಪಾಟಿಗೆ ಒಟ್ಟಿಗೆ ತಾಗುತ್ತವೆ. ವ್ಯತ್ಯಾಸವು ಹಿಂಜ್ ಬದಿಗೆ ಹೋಗಿ, ಕಣ್ಣಿಗೆ ಬೀಳದಷ್ಟು ಸಣ್ಣದಾಗುತ್ತದೆ.

ಅದಕ್ಕಿಂತ ಹೆಚ್ಚಿದ್ದರೆ ಕಾರಣ ತಿಳಿಯುವುದು ಅಗತ್ಯ. ನೇರ ಪಟ್ಟಿಯನ್ನು ಒಂದೊಂದು ನಿಲುವುಪಟ್ಟಿಯ ಮೇಲೂ ಇಟ್ಟು ನೋಡಿ. ನಾಲ್ಕೂ ಪಟ್ಟಿಗಳು ತಾವಾಗಿ ನೇರವಿದ್ದು ಚೌಕಟ್ಟು ಮಾತ್ರ ತಿರುಚಿದ್ದರೆ ತಪ್ಪು ಜೋಡಣೆಯದು: ನಾಲಿಗೆ ಓರೆಯಾಗಿದೆ, ಇಲ್ಲವೇ ಅಂಟು ಒಣಗುವಾಗ ಬಿಗಿದು ಹಿಡಿಯುವ ಕ್ಲಾಂಪ್‌ಗಳು ಒಂದೇ ಮಟ್ಟದಲ್ಲಿರಲಿಲ್ಲ. ಪಟ್ಟಿಯೇ ಬಾಗಿದ್ದರೆ ತಪ್ಪು ಮರದ್ದು. ಕಾಂಡದ ನಡುತಿರುಳು ಸೇರಿದ ತುಂಡು, ಗಂಟಿನ ಸುತ್ತ ಎಳೆ ಸುತ್ತಿದ ತುಂಡು, ಪೂರ್ತಿ ಒಣಗದ ಮರ, ದಪ್ಪ ದಿಮ್ಮಿಯಿಂದ ಸೀಳಿದ ದಿನವೇ ಬಳಸಿದ ಪಟ್ಟಿ ಇವೆಲ್ಲ ಹೀಗೆ ಮಾಡುತ್ತವೆ. ಜೋಡಣೆಯ ತಪ್ಪಾದರೆ ಬಿಚ್ಚಿ ಮತ್ತೆ ಕೂಡಿಸಬಹುದು. ಮರದ ತಪ್ಪಾದರೆ ಆ ಪಟ್ಟಿಯನ್ನು ಬದಲಿಸಲೇಬೇಕು. ಎದುರು ದಿಕ್ಕಿಗೆ ತಿರುಚಿ, ಭಾರ ಹೇರಿ ರಾತ್ರಿಯಿಡೀ ಬಿಡುವ ಪದ್ಧತಿಯಿದೆ. ಬೆಳಿಗ್ಗೆ ನೇರವಾಗಿ ಕಂಡರೂ ಅದು ಉಳಿಯುವುದು ಕಡಿಮೆ, ಜೊತೆಗೆ ಮೂಲೆಯ ಅಂಟಿಗೆ ಆಘಾತ. ನಾನು ಅದನ್ನು ಯಾರಿಗೂ ಸೂಚಿಸುವುದಿಲ್ಲ.

ಬಾಗಿಲು ತಿರುಚದೆ, ಬಿಲ್ಲಿನಂತೆ ಬಾಗಿದ್ದರೆ ಹಿಂಬದಿಯನ್ನು ನೋಡಿ. ಮುಂಭಾಗಕ್ಕೆ ಮೂರು ಕೈ ಪಾಲಿಶ್ ಹಚ್ಚಿ ಹಿಂಭಾಗವನ್ನು ಬರಿದಾಗಿ ಬಿಟ್ಟಿದ್ದರೆ ಎರಡು ಮುಖಗಳು ತೇವವನ್ನು ಬೇರೆಬೇರೆ ವೇಗದಲ್ಲಿ ಹೀರುತ್ತವೆ. ಹಿಂಭಾಗಕ್ಕೂ ಅಷ್ಟೇ ಕೈ ಹಚ್ಚಿ ಕೆಲವು ವಾರ ಕಾದರೆ ಬಾಗು ಕಡಿಮೆಯಾಗುವ ಸಂಭವವಿದೆ.

ಲಕ್ಷಣ: ಬಾಗಿಲು ಮುಚ್ಚಿದಾಗ ಪ್ಯಾನೆಲ್ ಗಡಗಡ ಎನ್ನುತ್ತದೆ

ಇದು ದೋಷಕ್ಕಿಂತ ಹೆಚ್ಚಾಗಿ ಪ್ಯಾನೆಲ್ ಬಿಡುವಾಗಿದೆ ಎಂಬುದರ ಸಾಕ್ಷಿ. ಒಣ ಹವೆಯಲ್ಲಿ ಮಾತ್ರ ಸದ್ದು ಬರುತ್ತಿದ್ದರೆ ಪ್ಯಾನೆಲ್ ಕುಗ್ಗಿದೆ. ವರ್ಷವಿಡೀ ಬರುತ್ತಿದ್ದರೆ ಗ್ರೂವ್ ಪ್ಯಾನೆಲ್‌ನ ದಪ್ಪಕ್ಕಿಂತ ಅಗಲವಾಗಿದೆ. 6 ಮಿಲಿಮೀಟರ್ ಎಂದು ಮಾರಾಟವಾಗುವ ಪ್ಲೈವುಡ್ ಅನೇಕ ಸಲ ಅದಕ್ಕಿಂತ ತೆಳುವಾಗಿರುವುದರಿಂದ ಹೀಗಾಗುತ್ತದೆ.

ಪರಿಹಾರ ಸುಲಭ, ಆದರೆ ಸುತ್ತ ಅಂಟು ತುಂಬುವುದು ಪರಿಹಾರವಲ್ಲ. ಮರದ ಪ್ಯಾನೆಲ್ ಆಗಿದ್ದರೆ ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳ ನಟ್ಟನಡುವೆ ಮಾತ್ರ, ಹಿಂಬದಿಯಿಂದ, ಒಂದೊಂದು ಹನಿ ಸಿಲಿಕೋನ್ ಹಾಕಿ. ನಡುವಿನಲ್ಲಿ ಹಿಡಿದ ಪ್ಯಾನೆಲ್ ಎರಡೂ ಬದಿಗೆ ಸಮನಾಗಿ ಹಿಗ್ಗಲು ಸ್ವತಂತ್ರವಾಗಿರುತ್ತದೆ. ಹೊಸ ಬಾಗಿಲು ಮಾಡುವವರು ಗ್ರೂವ್‌ನೊಳಗೆ ಸಣ್ಣ ರಬ್ಬರ್ ಗುಂಡುಗಳನ್ನು ಹಾಕಬಹುದು. ಅವು ಒತ್ತಿಕೊಂಡು ಜಾಗ ಕೊಡುತ್ತವೆ, ಸದ್ದನ್ನೂ ತಡೆಯುತ್ತವೆ. ಪ್ಲೈವುಡ್ ಅಥವಾ ಎಂಡಿಎಫ್ ಪ್ಯಾನೆಲ್ ಆಗಿದ್ದರೆ ಈ ಎಚ್ಚರ ಬೇಕಿಲ್ಲ. ಅದನ್ನು ಸುತ್ತಲೂ ಅಂಟಿಸಬಹುದು, ಅಂಟಿಸಿದರೆ ಚೌಕಟ್ಟಿಗೆ ಬಲವೂ ಬರುತ್ತದೆ.

ಲಕ್ಷಣ: ಪ್ಯಾನೆಲ್‌ನ ಎರಡು ಬದಿಗೆ ಬಣ್ಣವಿಲ್ಲದ ಗೆರೆ

ಬಾಗಿಲನ್ನು ಜೋಡಿಸಿದ ಮೇಲೆ ಬಣ್ಣ ಹಚ್ಚಿದಾಗ, ಗ್ರೂವ್‌ನೊಳಗಿದ್ದ ಭಾಗಕ್ಕೆ ಬಣ್ಣ ತಲುಪಿರುವುದಿಲ್ಲ. ಪ್ಯಾನೆಲ್ ಕುಗ್ಗಿದಾಗ ಆ ಭಾಗ ಹೊರಬರುತ್ತದೆ. ಮರ ಅತ್ಯಂತ ಒಣಗಿರುವ ಕಾಲದಲ್ಲಿ ಸಣ್ಣ ಕುಂಚದಿಂದ ಅಷ್ಟಕ್ಕೇ ಬಣ್ಣ ಹಚ್ಚಿದರೆ ಸಾಕು. ಬಣ್ಣ ಸಂದಿಗೆ ಇಳಿದು ಪ್ಯಾನೆಲ್ ಅನ್ನು ಚೌಕಟ್ಟಿಗೆ ಕಚ್ಚಿಸದಂತೆ ಎಚ್ಚರ ವಹಿಸಿ. ಅಡ್ಡಪಟ್ಟಿ ಮತ್ತು ನಿಲುವುಪಟ್ಟಿ ಸೇರುವಲ್ಲಿ ಬಣ್ಣದಲ್ಲಿ ಮೂಡುವ ಕೂದಲೆಳೆಯ ಗೆರೆಯೂ ಹೀಗೆಯೇ ಸಹಜವಾದದ್ದು. ಜೋಡಣೆ ಅಲುಗದಿದ್ದರೆ ಚಿಂತಿಸಬೇಕಿಲ್ಲ.

ಲಕ್ಷಣ: ಪ್ಯಾನೆಲ್ ಎಳೆಯುದ್ದಕ್ಕೆ ಸೀಳಿದೆ

ಒಣ ಹವೆಯಲ್ಲಿ ಕುಗ್ಗಲು ಹೊರಟ ಪ್ಯಾನೆಲ್ ಅನ್ನು ಎರಡೂ ಬದಿಯಲ್ಲಿ ಏನೋ ಹಿಡಿದು ನಿಲ್ಲಿಸಿದಾಗ ಅದು ತನ್ನ ದುರ್ಬಲ ಜಾಗದಲ್ಲಿ ಸೀಳುತ್ತದೆ. ಆ ಹಿಡಿತ ಯಾವುದು ಎಂದು ಕಂಡುಹಿಡಿಯದೆ ಸೀಳನ್ನು ಮುಚ್ಚುವುದು ವ್ಯರ್ಥ.

ಮೊದಲು ಸೀಳು ಎಲ್ಲಿದೆ ನೋಡಿ. ಅದು ಕೂದಲಿನಷ್ಟು ನೇರವಾಗಿ ಇಡೀ ಎತ್ತರಕ್ಕೆ ಸಾಗಿದ್ದರೆ, ಎರಡು ಹಲಗೆಗಳನ್ನು ಅಂಟಿಸಿ ಪ್ಯಾನೆಲ್ ಮಾಡಿದ ಗೆರೆಯೇ ಬಿಟ್ಟಿರಬಹುದು. ಅದು ಅಂಟಿನ ದೋಷ. ಎಳೆಯ ವಕ್ರತೆಯನ್ನು ಅನುಸರಿಸಿ ಸಾಗಿದ್ದರೆ ಮರವೇ ಸೀಳಿದೆ. ಒಂದು ತುದಿಯಲ್ಲಿ ಅಗಲವಾಗಿ ಆರಂಭವಾಗಿ ಒಳಗೆ ಹೋಗುತ್ತ ಮಾಯವಾದರೆ, ಹಲಗೆಯ ತುದಿಯಲ್ಲಿ ಮೊದಲೇ ಇದ್ದ ಒಣಬಿರುಕು ಕಣ್ತಪ್ಪಿ ಒಳಸೇರಿರುವ ಸಂಭವ ಹೆಚ್ಚು.

ಆಮೇಲೆ ತೆಳುವಾದ ಉಕ್ಕಿನ ಅಳತೆಪಟ್ಟಿಯನ್ನು ಹಿಂಬದಿಯಿಂದ ಪ್ಯಾನೆಲ್ ಮತ್ತು ಗ್ರೂವ್‌ನ ನಡುವೆ ಸುತ್ತಲೂ ತೂರಿಸಿ ನೋಡಿ. ಅದು ತಡೆದ ಜಾಗದಲ್ಲಿ ಜೋಡಿಸುವಾಗ ಹೊರಸೂಸಿದ ಅಂಟು ಪ್ಯಾನೆಲ್‌ನ ಮೂಲೆಯನ್ನು ಹಿಡಿದಿದೆ, ಇಲ್ಲವೇ ದಪ್ಪ ಬಣ್ಣ ಸೇತುವೆಯಾಗಿದೆ. ನಾಲ್ಕು ಮೂಲೆಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು, ಏಕೆಂದರೆ ನಾಲಿಗೆಯ ಅಂಟು ಸೂಸುವುದು ಅಲ್ಲಿಗೇ. ಹಿಂಬದಿಯಿಂದ ಸಣ್ಣ ಮೊಳೆ ಅಥವಾ ಪಿನ್ನು ಹೊಡೆದಿದ್ದರೆ ಅದೂ ಅಪರಾಧಿಯಾಗಬಹುದು. ಬಣ್ಣದ ಹಿಡಿತವನ್ನು ಹರಿತವಾದ ಕತ್ತಿಯಿಂದ ಗೆರೆ ಎಳೆದು ಬಿಡಿಸಿ. ಕತ್ತಿ ಜಾರಿದರೆ ಸೇರುವ ದಿಕ್ಕಿನಲ್ಲಿ ಇನ್ನೊಂದು ಕೈ ಇರದಂತೆ ನೋಡಿಕೊಳ್ಳಿ. ಹಳೆಯ ಕಪಾಟಿನಿಂದ ತೆಗೆದ, ಯಾವ ಕಾಲದ್ದೆಂದು ತಿಳಿಯದ ಬಣ್ಣವಿರುವ ಮರವಾದರೆ ಅದನ್ನು ಒಣದಾಗಿ ಉಜ್ಜಬಾರದು, ಏಕೆಂದರೆ ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಅದರ ಧೂಳು ಮಕ್ಕಳಿಗೆ ತೀರ ಅಪಾಯಕಾರಿ.

ಹಿಡಿತ ಬಿಟ್ಟ ಮೇಲೆ ಸೀಳು ತಾನಾಗಿ ಕಿರಿದಾಗುವುದುಂಟು. ಆಗ ಸೀಳಿನೊಳಗೆ ಅಂಟನ್ನು ಗಾಳಿ ಊದಿ ಅಥವಾ ತೆಳು ಕಾಗದದಿಂದ ತಳ್ಳಿ, ಪ್ಯಾನೆಲ್‌ನ ಎರಡು ಭಾಗಗಳನ್ನು ಗ್ರೂವ್‌ನೊಳಗೇ ನಡುವಿಗೆ ಸರಿಸಿ ಮುಚ್ಚಬಹುದು. ಒಣ ಕಾಲದಲ್ಲಿ ತೆರೆದ ಸೀಳಿಗೆ ಗಟ್ಟಿಯಾಗುವ ಪುಟ್ಟಿ ತುಂಬುವುದು ಮಾತ್ರ ಬೇಡ. ತೇವ ಬಂದು ಪ್ಯಾನೆಲ್ ಹಿಗ್ಗಿದಾಗ ಪುಟ್ಟಿಗೆ ಒತ್ತಿಕೊಂಡ ಎಳೆಗಳು ನಜ್ಜಾಗುತ್ತವೆ. ಮುಂದಿನ ಒಣ ಕಾಲದಲ್ಲಿ ಸೀಳು ಮೊದಲಿಗಿಂತ ಅಗಲವಾಗುತ್ತದೆ.

ಲಕ್ಷಣ: ಮೂಲೆಯ ಜೋಡಣೆ ಬಾಯಿ ಬಿಟ್ಟಿದೆ

ಬಾಗಿಲನ್ನು ಇಳಿಸಿ, ಮೂಲೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ. ಸಂದು ಕಂಡರೂ ಅಲುಗದಿದ್ದರೆ ಅದು ಮೊದಲಿನಿಂದಲೂ ಸರಿಯಾಗಿ ಕೂರದ ಜೋಡಣೆ. ನೋಟಕ್ಕೆ ಕೆಟ್ಟದು, ಬಲಕ್ಕೆ ಅಷ್ಟಾಗಿ ಅಲ್ಲ. ಅಲುಗಿದರೆ ಅಂಟು ಬಿಟ್ಟಿದೆ.

ತೇವದ ಹವೆಯಲ್ಲಿ ಬಿಟ್ಟಿದ್ದರೆ ನಿಲುವುಪಟ್ಟಿಯ ಹೊರ ಅಂಚಿಗೆ ನೇರ ಪಟ್ಟಿ ಹಿಡಿಯಿರಿ. ನಡುಭಾಗ ಹೊರಕ್ಕೆ ಉಬ್ಬಿದ್ದರೆ ಕಾರಣ ಪ್ಯಾನೆಲ್: ಅದನ್ನು ಗ್ರೂವ್‌ನ ತಳಕ್ಕೆ ತಾಗುವಷ್ಟು ಅಗಲವಾಗಿ ಕೊಯ್ದಿದ್ದಾರೆ, ಈಗ ಹಿಗ್ಗಿ ಚೌಕಟ್ಟನ್ನು ಒಳಗಿನಿಂದ ತಳ್ಳುತ್ತಿದೆ. ಹಿಗ್ಗುವ ಮರದ ಬಲದ ಮುಂದೆ ಅಂಟು ನಿಲ್ಲುವುದಿಲ್ಲ. ಹೀಗಿರುವಾಗ ಮೂಲೆಗೆ ಮತ್ತೆ ಅಂಟು ಹಾಕಿ ಕ್ಲಾಂಪ್ ಬಿಗಿಯುವುದರಿಂದ ಪಟ್ಟಿಯೇ ಸೀಳಬಹುದು. ಚೌಕಟ್ಟನ್ನು ಬಿಚ್ಚಿ ಪ್ಯಾನೆಲ್‌ನ ಅಗಲವನ್ನು ತಗ್ಗಿಸಬೇಕು. ಮರ ಒಣಗಿರುವಾಗ ಜೋಡಿಸುವುದಾದರೆ 300 ಮಿಲಿಮೀಟರ್ ಪ್ಯಾನೆಲ್‌ಗೆ ಎರಡೂ ಬದಿಯಲ್ಲಿ ತಲಾ 3 ಮಿಲಿಮೀಟರ್ ಜಾಗ ಬಿಡುವುದು ಒಳ್ಳೆಯದು. ತೇವದ ಕಾಲದಲ್ಲಿ ಜೋಡಿಸುವುದಾದರೆ ಪ್ಯಾನೆಲ್ ಆಗಲೇ ಹಿಗ್ಗಿರುವುದರಿಂದ ತಲಾ 1 ಮಿಲಿಮೀಟರ್ ಸಾಕಾಗುತ್ತದೆ. ಎತ್ತರದ ದಿಕ್ಕಿನಲ್ಲಿ ಪ್ಯಾನೆಲ್ ಹಿಗ್ಗದ ಕಾರಣ ಅಲ್ಲಿ ಸಡಿಲವಾಗಿ ಕೂರುವಷ್ಟು ಜಾಗವಿದ್ದರೆ ಸಾಕು.

ಹವೆಗೆ ಸಂಬಂಧವಿಲ್ಲದೆ ಬಿಟ್ಟಿದ್ದರೆ ಒಡೆದ ಮುಖಗಳನ್ನು ಬೆಳಕಿನಲ್ಲಿ ನೋಡಿ. ಅವು ಸಂಗತಿಯನ್ನು ತಾವೇ ತಿಳಿಸುತ್ತವೆ. ಎರಡೂ ಮುಖಗಳ ಮೇಲೆ ಹೊಳೆಯುವ, ನಯವಾದ ಅಂಟಿನ ಪದರವಿದ್ದರೆ ಜೋಡಿಸುವ ಮೊದಲೇ ಅಂಟಿನ ಮೇಲೆ ಕೆನೆ ಕಟ್ಟಿತ್ತು. ಒಂದು ಮುಖದಲ್ಲಿ ಅಂಟಿದ್ದು ಇನ್ನೊಂದು ಬರಿದಾಗಿದ್ದರೆ, ಆ ಮುಖಕ್ಕೆ ಎಣ್ಣೆ, ಮೇಣ ಅಥವಾ ಧೂಳು ತಗುಲಿತ್ತು, ಇಲ್ಲವೇ ಮೊಂಡಾದ ಬ್ಲೇಡು ಅದನ್ನು ಸುಟ್ಟು ಮೆರುಗುಗೊಳಿಸಿತ್ತು. ಅಂಟು ಬಿಳಿ ಪುಡಿಯಂತಾಗಿದ್ದರೆ ತಂಪು ಹೆಚ್ಚಿದ್ದಾಗ ಕೆಲಸ ನಡೆದಿದೆ. ಬಿಳಿ ಮರದ ಅಂಟುಗಳಲ್ಲಿ ಅನೇಕವು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಪದರ ಕಟ್ಟುವುದಿಲ್ಲ. ಮರದ ನಾರುಗಳೇ ಕಿತ್ತುಬಂದಿದ್ದರೆ ಅಂಟಿನ ತಪ್ಪು ಏನೂ ಇಲ್ಲ. ಜೋಡಣೆಯ ಅಳತೆ ಹೊರೆಗೆ ಸಾಲಲಿಲ್ಲ, ಅಷ್ಟೇ.

ಈ ಕೊನೆಯ ಸಂಗತಿಗೆ ಹೆಚ್ಚು ಗಮನ ಬೇಕು. ಗ್ರೂವ್‌ನ ಆಳದಷ್ಟೇ, ಅಂದರೆ ಸುಮಾರು 10 ಮಿಲಿಮೀಟರ್ ಉದ್ದದ ನಾಲಿಗೆ, ಸುತ್ತಲೂ ಅಂಟಿಸಿದ ಪ್ಲೈವುಡ್ ಪ್ಯಾನೆಲ್ ಇರುವ ಸಣ್ಣ ಬಾಗಿಲಿಗೆ ಸಾಕು, ಏಕೆಂದರೆ ಅಲ್ಲಿ ಪ್ಯಾನೆಲ್ಲೇ ಚೌಕಟ್ಟನ್ನು ಹಿಡಿದಿರುತ್ತದೆ. ಮರದ ಪ್ಯಾನೆಲ್ ಬಿಡುವಾಗಿರುವುದರಿಂದ ಬಾಗಿಲಿನ ಭಾರವೆಲ್ಲ ನಾಲ್ಕು ಮೂಲೆಗಳ ಮೇಲೆ ಬೀಳುತ್ತದೆ. ಎತ್ತರದ ಅಥವಾ ಗಾಜು ಕೂರಿಸಿದ ಬಾಗಿಲಿನಲ್ಲೂ ಹಾಗೆಯೇ. ಅಂಥಲ್ಲಿ ನಾಲಿಗೆ 25 ಮಿಲಿಮೀಟರ್‌ಗಿಂತ ಹೆಚ್ಚಿರಲಿ, ಇಲ್ಲವೇ ಮೂಲೆಗೆ ಮರದ ಗೂಟಗಳನ್ನು ಸೇರಿಸಿ ಬಲಪಡಿಸಿ.

ಮತ್ತೆ ಅಂಟಿಸುವ ಮೊದಲು ಹಳೆಯ ಅಂಟನ್ನು ಮರ ಕಾಣುವವರೆಗೆ ಉಳಿಯಿಂದ ಕೆರೆಯಬೇಕು. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಕ್ಲಾಂಪ್ ಅನ್ನು ಅಂಟು ಸಣ್ಣ ಹನಿಗಳಾಗಿ ಹೊರಬರುವಷ್ಟು ಬಿಗಿದರೆ ಸಾಕು. ಬಿಗಿದ ಕೂಡಲೇ ಕರ್ಣಗಳನ್ನು ಅಳೆದು, ಸಮತಟ್ಟಾದ ಮೇಜಿನ ಮೇಲೆ ಓಲಾಟ ನೋಡಿ. ಅಂಟು ಹಸಿಯಿದ್ದಾಗ ತಿದ್ದುವುದು ಸುಲಭ. ಪೂರ್ತಿ ಬಲ ಬರಲು ಒಂದು ದಿನ ಬಿಡಿ.

ನಾಲಿಗೆಗಳನ್ನು ಅಥವಾ ಗ್ರೂವ್‌ಗಳನ್ನು ರೂಟರ್‌ನಿಂದ (ತಿರುಗುವ ಅಲಗು, ಅಂದರೆ ಬಿಟ್, ಹಾಕಿ ಮರ ಕೊರೆಯುವ ವಿದ್ಯುತ್ ಯಂತ್ರ) ಮತ್ತೆ ಕೊರೆಯಬೇಕಾಗಿ ಬಂದರೆ, ಬಿಟ್ ಬದಲಿಸುವ ಮೊದಲು ಪ್ರತಿ ಬಾರಿಯೂ ಪ್ಲಗ್ ಕಿತ್ತಿಡಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಮೂಗಿಗೆ ಮುಖಗವಸು ಬೇಕು. ಮರವನ್ನು ಬಿಟ್ ತಿರುಗುವ ದಿಕ್ಕಿಗೆ ಎದುರಾಗಿಯೇ ತಳ್ಳಬೇಕು. ಅದೇ ದಿಕ್ಕಿಗೆ ತಳ್ಳಿದರೆ ಬಿಟ್ ಮರವನ್ನು ಕಸಿದೆಳೆದು ಕೈಯನ್ನೂ ಜೊತೆಗೆ ಒಯ್ಯುತ್ತದೆ. ಪ್ಯಾನೆಲ್‌ನ ಅಂಚು ಇಳಿಸುವ ದೊಡ್ಡ ಬಿಟ್‌ಗಳನ್ನು ಕೈಯಲ್ಲಿ ಹಿಡಿದ ರೂಟರ್‌ಗೆ ಹಾಕಲೇಬಾರದು. ಅವುಗಳಿಗೆ ವೇಗ ತಗ್ಗಿಸಬಲ್ಲ, ಮೇಜಿಗೆ ಕೂರಿಸಿದ ರೂಟರ್ ಬೇಕು. ಅದಿಲ್ಲದವರು ಆ ಒಂದು ಕೆಲಸವನ್ನು ಬಡಗಿಯವರ ಕಾರ್ಯಾಗಾರದಲ್ಲಿ ಮಾಡಿಸಿಕೊಳ್ಳುವುದು ಸರಿ.

ಲಕ್ಷಣ: ಹಿಂಜ್‌ನ ಸ್ಕ್ರೂ ನಿಲ್ಲುತ್ತಿಲ್ಲ, ಅಥವಾ ಹಿಂಜ್‌ನ ಬಳಿ ಮರ ಬಿರಿದಿದೆ

ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ತೂತು ದೊಡ್ಡದಾಗಿದೆ. ಅಂಟು ಸವರಿದ ಮರದ ಸಣ್ಣ ಗೂಟವನ್ನು ತೂತಿಗೆ ಬಡಿದು, ಒಣಗಿದ ಮೇಲೆ ಸ್ಕ್ರೂಗಿಂತ ಸಣ್ಣ ತೂತು ಕೊರೆದು ಮತ್ತೆ ಹಾಕಿ. ಉದ್ದದ ಸ್ಕ್ರೂ ಹಾಕುವ ಆಲೋಚನೆ ಬಂದರೆ ಬಾಗಿಲಿನ ದಪ್ಪವನ್ನು ಮೊದಲು ಅಳೆಯಿರಿ. 18 ಮಿಲಿಮೀಟರ್ ಬಾಗಿಲಿನ ಮುಂಭಾಗಕ್ಕೆ ತುದಿ ಹೊರಬರುವುದು ಸುಲಭ.

ಬಿರುಕು ಕಪ್ ಹಿಂಜ್‌ನ ಗುಳಿಯಿಂದಲೇ ಹೊರಟಿದ್ದರೆ ದೋಷ ಬಾಗಿಲಿನ ಅಳತೆಯಲ್ಲಿದೆ. ಗುಳಿಯ ವ್ಯಾಸ 35 ಮಿಲಿಮೀಟರ್. ಅಂಚಿನಿಂದ 5 ಮಿಲಿಮೀಟರ್ ಬಿಟ್ಟು ಕೊರೆದರೆ ಅದು 40 ಮಿಲಿಮೀಟರ್‌ವರೆಗೆ ಚಾಚುತ್ತದೆ. ನಿಲುವುಪಟ್ಟಿ 50 ಮಿಲಿಮೀಟರ್ ಅಗಲವಿದ್ದು ಒಳ ಅಂಚಿನಲ್ಲಿ 10 ಮಿಲಿಮೀಟರ್ ಆಳದ ಗ್ರೂವ್ ಇದ್ದರೆ, ಗುಳಿ ಸರಿಯಾಗಿ ಗ್ರೂವ್‌ನ ತಳಕ್ಕೆ ಬಂದು ಮುಟ್ಟುತ್ತದೆ, ನಡುವೆ ಮರವೇ ಉಳಿಯುವುದಿಲ್ಲ. ನಿಲುವುಪಟ್ಟಿಯನ್ನು 60 ಮಿಲಿಮೀಟರ್ ಇಡುವುದೇ ಇದಕ್ಕೆ ಪರಿಹಾರ. ಆಗಲೇ ಬಿರಿದ ಪಟ್ಟಿಗೆ ಅಂಟು ತುಂಬಿ ಕ್ಲಾಂಪ್ ಹಾಕಿ, ಹಿಂಜ್ ಅನ್ನು ಮೇಲೆ ಅಥವಾ ಕೆಳಗೆ ಹೊಸ ಜಾಗಕ್ಕೆ ಸರಿಸಬಹುದು. ಬಿರುಕು ಪಟ್ಟಿಯ ಮುಂಭಾಗಕ್ಕೂ ದಾಟಿದ್ದರೆ ಆ ಬಾಗಿಲನ್ನು ತಲೆಯ ಮಟ್ಟಕ್ಕಿಂತ ಮೇಲೆ ತೂಗಬೇಡಿ. ಸುಮಾರು 900 ಮಿಲಿಮೀಟರ್‌ಗಿಂತ ಎತ್ತರದ ಬಾಗಿಲಿಗೆ ಎರಡು ಹಿಂಜ್ ಸಾಲುವುದಿಲ್ಲ, ಮೂರನೆಯದು ಬೇಕು.

ಲಕ್ಷಣ: ಮರದಿಂದ ಪುಡಿ ಉದುರುತ್ತಿದೆ

ಬಾಗಿಲಿನ ಕೆಳಗೆ ಹಿಟ್ಟಿನಷ್ಟು ನಯವಾದ ಪುಡಿ, ಮರದಲ್ಲಿ 1ರಿಂದ 2 ಮಿಲಿಮೀಟರ್ ಅಗಲದ ದುಂಡು ರಂಧ್ರಗಳು ಕಂಡರೆ ಅದು ಮರ ಕೊರೆಯುವ ದುಂಬಿಯ ಕೆಲಸ. ಮಣ್ಣಿನ ಸಣ್ಣ ಸುರಂಗಗಳು, ತಟ್ಟಿದರೆ ಟೊಳ್ಳು ಸದ್ದು ಬಂದರೆ ಗೆದ್ದಲು. ರಂಧ್ರಗಳನ್ನು ಸ್ವಚ್ಛಗೊಳಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹೊಸ ಪುಡಿ ಬೀಳದಿದ್ದರೆ ಅದು ಹಳೆಯ ಹಾವಳಿ ಇರಬಹುದು. ಬೀಳುತ್ತಿದ್ದರೆ ಬಾಗಿಲನ್ನು ಕೂಡಲೇ ಬಿಚ್ಚಿ ಇತರ ಮರದ ಸಾಮಾನುಗಳಿಂದ ದೂರವಿಡಿ. ಗೆದ್ದಲು ಕಂಡರೆ ಬಾಗಿಲನ್ನು ಮಾತ್ರ ಬದಲಿಸಿ ಸುಮ್ಮನಾಗಬಾರದು, ಏಕೆಂದರೆ ಅದು ಗೋಡೆ ಅಥವಾ ನೆಲದಿಂದ ಕಪಾಟಿನ ಮೂಲಕ ಬಂದಿರುತ್ತದೆ. ಕೀಟ ನಿಯಂತ್ರಣದವರನ್ನು ಕರೆಸಬೇಕು. ಅಡುಗೆ ಸಾಮಾನು ಇಡುವ ಕಪಾಟಿಗೆ ಕೀಟನಾಶಕವನ್ನು ಸ್ವಂತವಾಗಿ ಸಿಂಪಡಿಸಬೇಡಿ.

ದುರಸ್ತಿಯ ಕೊನೆಗೆ ಅಗಸೆ ಎಣ್ಣೆ ಅಥವಾ ಎಣ್ಣೆಯಾಧಾರಿತ ಪಾಲಿಶ್ ಹಚ್ಚಿದವರು, ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯದಿರಲಿ. ಒಣಗುವಾಗ ಆ ಎಣ್ಣೆ ಶಾಖ ಹುಟ್ಟಿಸುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಟ್ಟೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರವಿ ಪೂರ್ತಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ. ಬಾಗಿಲನ್ನು ಮತ್ತೆ ಕೂರಿಸುವ ಮೊದಲು ಅದರ ಹಿಂಭಾಗದಲ್ಲಿ, ಚೌಕಟ್ಟಿನ ಅಂಚು ಪ್ಯಾನೆಲ್ ಅನ್ನು ಸೇರುವ ಎರಡೂ ಬದಿಯಲ್ಲಿ, ಪ್ಯಾನೆಲ್ ಮೇಲೆ ತೆಳುವಾದ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ. ಹವೆ ಬದಲಾದ ಮೇಲೆ ಗೆರೆ ಚೌಕಟ್ಟಿನಿಂದ ದೂರ ಸರಿದಿದ್ದರೆ ಅಥವಾ ಅದರೊಳಗೆ ಮರೆಯಾಗಿದ್ದರೆ ಪ್ಯಾನೆಲ್ ಬಿಡುವಾಗಿದೆ. ಒಂದೇ ಬದಿಯ ಗೆರೆ ಸರಿದು ಇನ್ನೊಂದು ಅಲ್ಲಿಯೇ ನಿಂತಿದ್ದರೆ, ನಿಂತ ಬದಿಯಲ್ಲಿ ಅಂಟು ಅಥವಾ ಬಣ್ಣ ಕಚ್ಚಿದೆ. ಸೀಳು ಬೀಳುವ ಮೊದಲೇ ಅದನ್ನು ಬಿಡಿಸಬಹುದು.